ಬಿಸಿನೀರು ಬಿದ್ದರೆ ಕಣ್ಣು ಮಂಜಾಗುವುದೇಕೆ?

ಪ್ರಶ್ನೆ: ನನಗೆ 34 ವರ್ಷ. ರಾಯಚೂರು ಜಿಲ್ಲೆಯಲ್ಲಿ ಶಾಲಾ ಶಿಕ್ಷಕಿ. ಎರಡು ವರ್ಷದ ಹಿಂದೆ ಬಲಗಣ್ಣು ಮಂಜಾಯಿತು, ಆಮೇಲೆ ಎಡಗಾಲು ಜೋಮು ಹಿಡಿಯಿತು. ಎಂಆರ್‌ಐ ಮಾಡಿಸಿದಾಗ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತ ಗೊತ್ತಾಯಿತು. ಚಿಕಿತ್ಸೆ ನಡೆದಿದೆ, ಆರಾಮಾಗಿದ್ದೆ. ಈ ಯುಗಾದಿಗೆ ಎಣ್ಣೆ ಹಚ್ಚಿಕೊಂಡು, ಬೇವಿನೆಲೆ ಹಾಕಿದ ಬಿಸಿನೀರಿನಲ್ಲಿ ಸ್ನಾನ ಮಾಡಿ ಹೊರಗೆ ಬಂದೆ. ಬಲಗಣ್ಣಿಗೆ ಹೊಗೆ ಕವಿದ ಹಾಗಾಯಿತು, ಎಡಗಾಲು ಎಳೆಯತೊಡಗಿತು. ಲಕ್ವಾ ಹೊಡೆಯಿತು ಅಂತ ಅತ್ತೆ ಅತ್ತುಬಿಟ್ಟರು. ಫ್ಯಾನ್ ಕೆಳಗೆ ಮಲಗಿದೆ, ಮುಕ್ಕಾಲು ಗಂಟೆಯಲ್ಲಿ ಎಲ್ಲಾ ಸರಿಹೋಯಿತು. ಆಮೇಲೆ ಬಿಸಿಲಲ್ಲಿ ಸ್ಕೂಟಿ ಓಡಿಸಿಕೊಂಡು ಬರುವಾಗಲೂ ಎರಡು ಸಲ ಹೀಗೇ ಆಗಿದೆ. ಕಾಯಿಲೆ ಮತ್ತೆ ಮರುಕಳಿಸಿತಾ? ಸ್ಟೆರಾಯ್ಡ್ ಡ್ರಿಪ್ ಹಾಕಿಸಬೇಕಾ? ಪ್ರತಿ ಸಲವೂ ನರ ಇಷ್ಟಿಷ್ಟೇ ಸಾಯುತ್ತಿದೆಯಾ? ಮನೆಯಲ್ಲಿ ಕೆಲಸ ಬಿಡು ಅನ್ನುತ್ತಿದ್ದಾರೆ.

ಉತ್ತರ: ನಿಮ್ಮ ಮೂರನೇ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ನಿದ್ದೆ ಕೆಡಿಸುತ್ತಿರುವುದು ಅದೇ ಇರಬೇಕು. ಇಲ್ಲ, ನರ ಸಾಯುತ್ತಿಲ್ಲ. ಎರಡು ವರ್ಷದ ಹಿಂದೆ ಪೆಟ್ಟು ತಿಂದು ಹೇಗೋ ಕೆಲಸ ಮಾಡಿಕೊಂಡಿದ್ದ ನರ, ಮೈ ಬಿಸಿಯಾದಾಗ ಸ್ವಲ್ಪ ಹೊತ್ತು ಕೈಚೆಲ್ಲುತ್ತದೆ. ಮೈ ತಣ್ಣಗಾದ ಮೇಲೆ ಮತ್ತೆ ಕೆಲಸ ಶುರು ಮಾಡುತ್ತದೆ. ನಿಮಗೆ ಮುಕ್ಕಾಲು ಗಂಟೆಯಲ್ಲಿ ಸರಿಹೋಯಿತಲ್ಲ, ಅದೇ ಇದಕ್ಕೆ ಸಾಕ್ಷಿ. ಸತ್ತ ನರ ಫ್ಯಾನ್ ಗಾಳಿಗೆ ಎದ್ದು ಕೂರುವುದಿಲ್ಲ.

ಇದಕ್ಕೆ ಊಟ್‌ಹಾಫ್ ಲಕ್ಷಣ ಅಂತ ಹೆಸರು. ಊಟಕ್ಕೂ ಇದಕ್ಕೂ ಸಂಬಂಧ ಇಲ್ಲ! ವಿಲ್ಹೆಲ್ಮ್ ಊಟ್‌ಹಾಫ್ ಜರ್ಮನಿಯ ಕಣ್ಣಿನ ವೈದ್ಯರು. ಮಲ್ಟಿಪಲ್ ಸ್ಕ್ಲೆರೋಸಿಸ್ (ಚಿಕ್ಕದಾಗಿ ಎಂ.ಎಸ್.) ಇದ್ದ 100 ಜನರನ್ನು ನೋಡಿ 1890ರಲ್ಲಿ ಬರೆದರು. ಅವರಲ್ಲಿ ನಾಲ್ವರಿಗೆ ನಡೆದು ದಣಿದರೆ ಕಣ್ಣು ಮಂಜಾಗುತ್ತಿತ್ತು, ಕೂತು ಸುಧಾರಿಸಿಕೊಂಡರೆ ತಿಳಿಯಾಗುತ್ತಿತ್ತು. ಊಟ್‌ಹಾಫ್ ಇದು ದಣಿವಿನ ಕೆಲಸ ಅಂದುಕೊಂಡರು. ದಣಿವಲ್ಲ, ದಣಿದಾಗ ಏರುವ ಮೈಬಿಸಿ ಕಾರಣ ಅನ್ನುವುದು ಗೊತ್ತಾಗಲು ಇನ್ನೂ ಹಲವು ದಶಕ ಬೇಕಾಯಿತು. ಗೊತ್ತಾದ ಮೇಲೆ ವೈದ್ಯರು ಮಾಡಿದ್ದು ಕೇಳಿದರೆ ನಿಮ್ಮ ಅತ್ತೆಗೆ ಆಶ್ಚರ್ಯವಾದೀತು. ಎಂಆರ್‌ಐ ಇಲ್ಲದ ಕಾಲ ಅದು. ಎಂ.ಎಸ್. ಇದೆ ಅಂತ ಅನುಮಾನ ಬಂದವರನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸುತ್ತಿದ್ದರು. ಕಣ್ಣು ಮಂಜಾದರೆ, ಕಾಲು ಸೋತರೆ ಅನುಮಾನ ಗಟ್ಟಿ. ಕೆಲವರಿಗೆ ತೊಂದರೆ ಹಾಗೇ ಉಳಿದದ್ದೂ ಉಂಟು. ಎಂಆರ್‌ಐ ಬಂದ ಮೇಲೆ ಆ ಪರೀಕ್ಷೆ ನಿಂತಿತು. ನೀವು ಯುಗಾದಿ ದಿನ ಬಚ್ಚಲಲ್ಲಿ ಗೊತ್ತಿಲ್ಲದೇ ಅದೇ ಪರೀಕ್ಷೆ ಮಾಡಿಕೊಂಡಿರಿ, ಅಷ್ಟೇ.

ಮೈಯೊಳಗೆ ಏನಾಗುತ್ತದೆ ಅನ್ನುವುದನ್ನು ನಿಮ್ಮ ಜಿಲ್ಲೆಯ ಭಾಷೆಯಲ್ಲೇ ಹೇಳುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ಗೋಳು ನೀವು ಕೇಳಿಯೇ ಇರುತ್ತೀರಿ. ಮೇಲೆ ಸ್ವಲ್ಪ ನೀರು ಕಡಿಮೆ ಬಿಟ್ಟರೂ ಮೇಲ್ಭಾಗದವರಿಗೆ ಏನೂ ಗೊತ್ತಾಗುವುದಿಲ್ಲ, ಕೊನೆಯವರ ಗದ್ದೆಗೆ ಮಾತ್ರ ಹನಿ ನೀರೂ ತಲುಪುವುದಿಲ್ಲ. ನರದ ಎಳೆಯೂ ಒಂದು ಕಾಲುವೆ ಅಂದುಕೊಳ್ಳಿ. ಅದರ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ಕಾಲುವೆಗೆ ಸಿಮೆಂಟ್ ಲೈನಿಂಗ್ ಇದ್ದ ಹಾಗೆ. ಎಂ.ಎಸ್.ನಲ್ಲಿ ನಮ್ಮದೇ ರೋಗನಿರೋಧಕ ಕಣಗಳು ಅಲ್ಲಲ್ಲಿ ಈ ಹೊದಿಕೆಯನ್ನು ಕೆದರಿ ಹಾಕುತ್ತವೆ. ಅಲ್ಲಿ ಸೋರಿಕೆ. ಆದರೂ ಸಂಕೇತ ಹೇಗೋ ಕೊನೆಯವರೆಗೆ ತಲುಪುತ್ತಿರುತ್ತದೆ, ಅದಕ್ಕೇ ನೀವು ಆರಾಮಾಗಿದ್ದಿರಿ.

ಈಗ ಬಿಸಿಯ ವಿಷಯ. ನರದ ಸಂಕೇತ ಹುಟ್ಟುವುದು ಸೋಡಿಯಂ ಒಳಗೆ ನುಗ್ಗುವುದರಿಂದ. ಅದಕ್ಕೆ ನರದ ಉದ್ದಕ್ಕೂ ಸಣ್ಣ ಸಣ್ಣ ತೂಬುಗಳಿವೆ. ತಾಪ ಏರಿದರೆ ಈ ತೂಬುಗಳು ಬೇಗ ಮುಚ್ಚಿಕೊಳ್ಳುತ್ತವೆ. ಪ್ರತಿ ಸಲ ಒಳಗೆ ಬರುವ ಪ್ರವಾಹ ಅಷ್ಟು ಕಡಿಮೆ. ಹೊದಿಕೆ ಗಟ್ಟಿ ಇರುವ ನರದಲ್ಲಿ ಬೇಕಾದ್ದಕ್ಕಿಂತ ಹಲವು ಪಟ್ಟು ಹೆಚ್ಚು ಪ್ರವಾಹ ಇರುತ್ತದೆ, ಹಾಗಾಗಿ ಸ್ವಲ್ಪ ಕಡಿಮೆಯಾದರೆ ಲೆಕ್ಕಕ್ಕೇ ಇಲ್ಲ. ನಿಮ್ಮ ಅತ್ತೆ ಅದೇ ನೀರಲ್ಲಿ ಮಿಂದು ಬಂದರೂ ಏನೂ ಆಗದಿರುವುದು ಇದಕ್ಕೇ. ಹೊದಿಕೆ ಹೋದ ಜಾಗದಲ್ಲಿ ಮಾತ್ರ ಇರುವುದು ಸರಿಯಾಗಿ ಸಾಕಾಗುವಷ್ಟು. ಅಲ್ಲಿ ಕೊಂಚ ಕಡಿಮೆಯಾದರೂ ಸಂಕೇತ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಎಷ್ಟು ಬಿಸಿ ಸಾಕು ಗೊತ್ತಾ? ಮೈಯೊಳಗಿನ ತಾಪ ಅರ್ಧ ಡಿಗ್ರಿ ಸೆಲ್ಸಿಯಸ್ ಏರಿದರೆ ಸಾಕು. ಥರ್ಮಾಮೀಟರ್ ಇಟ್ಟರೆ ಜ್ವರ ಅನ್ನಿಸುವಷ್ಟೂ ಇರುವುದಿಲ್ಲ.

ಅರ್ಧ ಡಿಗ್ರಿ ಅಂದಮೇಲೆ ಬೇರೆ ಕೆಲವು ಒಗಟೂ ಬಿಡಿಸಿಕೊಳ್ಳುತ್ತವೆ. ಯಾರ ಮೈಯೂ ದಿನವಿಡೀ ಒಂದೇ ತಾಪದಲ್ಲಿ ಇರುವುದಿಲ್ಲ. ಬೆಳಗಿನ ಜಾವ ನಾಲ್ಕೈದು ಗಂಟೆಗೆ ಅತಿ ಕಡಿಮೆ, ಸಂಜೆಯ ಹೊತ್ತಿಗೆ ಅರ್ಧದಿಂದ ಒಂದು ಡಿಗ್ರಿ ಜಾಸ್ತಿ. ಬೆಳಿಗ್ಗೆ ಚೆನ್ನಾಗಿದ್ದು ಸಂಜೆ ಕಾಲು ಭಾರವಾಗುತ್ತದೆ ಅಂತ ಬಹಳ ಜನ ಹೇಳುವುದಕ್ಕೆ ಇದೂ ಒಂದು ಕಾರಣ. ಹೆಂಗಸರಲ್ಲಿ ಅಂಡ ಬಿಡುಗಡೆಯಾದ ಮೇಲೆ ಮುಟ್ಟಿನವರೆಗೆ ಮೈಬಿಸಿ ಸುಮಾರು 0.3ರಿಂದ 0.5 ಡಿಗ್ರಿ ಹೆಚ್ಚಿರುತ್ತದೆ. ಸ್ಕೂಟಿಯಲ್ಲಿ ಕಣ್ಣು ಮಂಜಾದ ಆ ಎರಡು ದಿನ ತಿಂಗಳ ಯಾವ ವಾರದಲ್ಲಿದ್ದವು ಅಂತ ಕ್ಯಾಲೆಂಡರ್ ತೆಗೆದು ನೋಡಿ. ಸುಮ್ನೆ ಕುತೂಹಲಕ್ಕೆ ಹೇಳುತ್ತಿಲ್ಲ. ಅದು ಗೊತ್ತಿದ್ದರೆ ಆ ವಾರ ಮಧ್ಯಾಹ್ನದ ಓಡಾಟ ತಪ್ಪಿಸಬಹುದು.

ನೀವೊಬ್ಬರೇ ಅಲ್ಲ. ಎಂ.ಎಸ್. ಇರುವ ನೂರು ಜನರಲ್ಲಿ 60ರಿಂದ 80 ಮಂದಿಗೆ ಬಿಸಿ ಒಗ್ಗುವುದಿಲ್ಲ. ನನ್ನ ಬಳಿ ಬರುತ್ತಿದ್ದ ಒಬ್ಬ ಹುಡುಗ ಬೇಕರಿಯಲ್ಲಿ ಒಲೆಯ ಮುಂದೆ ಕೆಲಸ ಮಾಡುತ್ತಿದ್ದ. ಬ್ರೆಡ್ ಟ್ರೇ ಎಳೆಯುವಾಗ ಎಡಗಣ್ಣಿಗೆ ಟ್ರೇಯ ಅಂಚು ಕಾಣುತ್ತಿರಲಿಲ್ಲ. ಹಿತ್ತಲಿಗೆ ಬಂದು ಮುಖ ತೊಳೆದುಕೊಂಡರೆ ಐದು ನಿಮಿಷದಲ್ಲಿ ಕಾಣುತ್ತಿತ್ತು. ಆ ವರ್ಷ ಎರಡು ಸಲ ಕನ್ನಡಕ ಬದಲಿಸಿದ್ದ. ಕಾಯಿಲೆ ಗೊತ್ತಾಗುವ ಮೊದಲೇ ಅವನ ಮೈ ಹೀಗೆ ಸುಳಿವು ಕೊಟ್ಟಿತ್ತು.

ಇನ್ನು ನಿಮ್ಮ ಮೊದಲೆರಡು ಪ್ರಶ್ನೆ. ಮರುಕಳಿಕೆ ಅಂತ ನಾವು ಕರೆಯಬೇಕಾದರೆ ತೊಂದರೆ ಕನಿಷ್ಠ 24 ಗಂಟೆ ಬಿಡದೆ ಇರಬೇಕು. ಜ್ವರ, ಸೋಂಕು ಇರಬಾರದು. ನಿಮ್ಮದು ಮುಕ್ಕಾಲು ಗಂಟೆ. ಅಲ್ಲದೆ ನೀವು ಬರೆದಿದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದಿದೆ: ಮಂಜಾದದ್ದು ಅದೇ ಬಲಗಣ್ಣು, ಎಳೆದದ್ದು ಅದೇ ಎಡಗಾಲು. ಎಂದೂ ತೊಂದರೆ ಕೊಡದ ಎಡಗಣ್ಣಾಗಲಿ, ಕೈಯಾಗಲಿ ಅಲ್ಲ. ಬಿಸಿ ಹೊಸ ಗಾಯ ಮಾಡುವುದಿಲ್ಲ, ಹಳೆಯದನ್ನು ಎತ್ತಿ ತೋರಿಸುತ್ತದೆ. ಹಾಗಾಗಿ ಸ್ಟೆರಾಯ್ಡ್ ಬೇಡ. ನಿಜವಾದ ಮರುಕಳಿಕೆಗೆ ದಿನಕ್ಕೆ 1 ಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಮೂರರಿಂದ ಐದು ದಿನ ಕೊಡುತ್ತೇವೆ. ಅದು ಸಣ್ಣ ಔಷಧಿಯಲ್ಲ. ಸಕ್ಕರೆ ಏರುತ್ತದೆ, ನಿದ್ದೆ ಹೋಗುತ್ತದೆ, ಮೈಯಲ್ಲಿ ಎಲ್ಲಾದರೂ ಸೋಂಕು ಅಡಗಿದ್ದರೆ ಅದು ಹೆಡೆಯೆತ್ತುತ್ತದೆ. ಗಾಬರಿಯಲ್ಲಿ ಕೇಳಿದರು ಅಂತ ಕೊಟ್ಟುಬಿಡುವ ವೈದ್ಯರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ.

ಆದರೆ ಕೆಲವು ಸಂದರ್ಭದಲ್ಲಿ ಬಿಸಿಲನ್ನು ದೂರಿ ಸುಮ್ಮನೆ ಕೂರಬೇಡಿ. ತಣ್ಣನೆ ಜಾಗದಲ್ಲಿ ಮಲಗಿ ಎದ್ದರೂ, ಮಾರನೇ ದಿನವೂ ಹಾಗೇ ಇದ್ದರೆ ತೋರಿಸಿ. ಹಿಂದೆಂದೂ ಇಲ್ಲದ ತೊಂದರೆ ಬಂದರೆ, ಅಂದರೆ ಎರಡೆರಡು ಕಾಣುವುದು, ಮಾತು ತೊದಲುವುದು, ಕೈ ಸೋಲುವುದು, ಅವತ್ತೇ ತೋರಿಸಿ. ಕಣ್ಣುಗುಡ್ಡೆ ಆಡಿಸಿದರೆ ನೋವು, ಜೊತೆಗೆ ಮಂಜು ಅಂದರೆ ಅದು ಕಣ್ಣಿನ ನರದ ಹೊಸ ಉರಿಯೂತ ಇರಬಹುದು. ಒಂದು ಮನೆ ಪರೀಕ್ಷೆ ಇದೆ. ಕುಂಕುಮದ ಭರಣಿ ಮುಂದಿಟ್ಟು ಒಂದೊಂದೇ ಕಣ್ಣು ಮುಚ್ಚಿ ನೋಡಿ. ನಿಮ್ಮ ಬಲಗಣ್ಣಿಗೆ ಕೆಂಪು ಈಗಾಗಲೇ ಸ್ವಲ್ಪ ಮಾಸಲಾಗಿ ಕಾಣಬಹುದು, ಹಳೆ ಪೆಟ್ಟಿನ ಗುರುತು ಅದು. ಚೆನ್ನಾಗಿರುವ ಒಂದು ದಿನ ಎಷ್ಟು ಮಾಸಲು ಅಂತ ನೋಡಿಟ್ಟುಕೊಳ್ಳಿ. ಮುಂದೆ ಅದಕ್ಕಿಂತ ತೀರಾ ಮಾಸಿದರೆ ಆಗ ಹೋಲಿಸಲು ಒಂದು ಆಧಾರ ಇರುತ್ತದೆ. ಇನ್ನು ಬಿಸಿಲಲ್ಲಿ ಇದ್ದು ಮಾತು ಅಸಂಬದ್ಧವಾದರೆ, ಮೈ ಸುಡುತ್ತಿದ್ದರೆ ಅದು ಹೀಟ್‌ಸ್ಟ್ರೋಕ್. ಎಂ.ಎಸ್. ಇರಲಿ ಬಿಡಲಿ, ಮೈಗೆ ನೀರು ಸುರಿಯುತ್ತಲೇ ಆಸ್ಪತ್ರೆಗೆ ಓಡಬೇಕು.

ಜ್ವರದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸೂರ್ಯನಿಂದ ಬಂದರೇನು, ಸೋಂಕಿನಿಂದ ಬಂದರೇನು, ನರಕ್ಕೆ ಎಲ್ಲಾ ಬಿಸಿಯೂ ಒಂದೇ. ಹಿಂದಿನ ದಿನ ನಡೆಯುತ್ತಿದ್ದವರು ಮಾರನೇ ದಿನ ಹಾಸಿಗೆಯಿಂದ ಏಳಲಾರದೆ ಬಂದರೆ ನಾವು ಮೊದಲು ಕಳಿಸುವುದು ಮೂತ್ರ ಪರೀಕ್ಷೆಗೆ. ಎಂ.ಎಸ್.ನಲ್ಲಿ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಸೋಂಕಾಗುವುದು ತೀರಾ ಸಾಮಾನ್ಯ. ಉರಿ ಇಲ್ಲದೆಯೂ ಸೋಂಕು ಇರಬಹುದು. ಅದಕ್ಕೆ ಔಷಧಿ ಕೊಟ್ಟು ಜ್ವರ ಇಳಿಸಿದರೆ ಕಾಲು ತಾನಾಗೇ ಏಳುತ್ತದೆ. ನೀವು ಎಂ.ಎಸ್.ಗೆ ಕೊಡುವ ಇಂಟರ್‌ಫೆರಾನ್ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದರೆ, ಅದಾದ ಕೆಲವು ಗಂಟೆಗೆ ಬರುವ ಮೈಕೈ ನೋವಿನ ಜ್ವರವೂ ಇದೇ ಕೆಲಸ ಮಾಡುತ್ತದೆ. ರಾತ್ರಿ ಮಲಗುವ ಮುಂಚೆ ತೆಗೆದುಕೊಂಡು, ವೈದ್ಯರು ಹೇಳಿದ ಹಾಗೆ ಪ್ಯಾರಸಿಟಮಾಲ್ ನುಂಗಿದರೆ ಬಹುಪಾಲು ನಿದ್ದೆಯಲ್ಲೇ ಕಳೆಯುತ್ತದೆ.

ಶಿಕ್ಷಕಿ ಅಂದಿರಲ್ಲ, ಅದಕ್ಕೇ ಇದನ್ನು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಶಾಲೆಯಲ್ಲಿ ನೀರು ಕುಡಿಯುತ್ತೀರಾ? ಅವಸರದ ಮೂತ್ರ, ಶೌಚಾಲಯದ ಅವಸ್ಥೆ, ಮಧ್ಯೆ ತರಗತಿ ಬಿಡಲಾಗದ ಸಂಕೋಚ, ಇಷ್ಟೆಲ್ಲಾ ಸೇರಿ ಎಂ.ಎಸ್. ಇರುವ ಎಷ್ಟೋ ಶಿಕ್ಷಕಿಯರು ಬೆಳಿಗ್ಗೆಯಿಂದ ಸಂಜೆವರೆಗೆ ಗಂಟಲು ಒಣಗಿಸಿಕೊಂಡೇ ಇರುತ್ತಾರೆ. ನೀರು ಕಡಿಮೆಯಾದರೆ ಬೆವರು ಕಡಿಮೆ, ಬೆವರು ಕಡಿಮೆಯಾದರೆ ಮೈ ತಣ್ಣಗಾಗುವುದಿಲ್ಲ, ಮೂತ್ರ ಗಟ್ಟಿಯಾಗಿ ಸೋಂಕು ಬೇರೆ. ಅವಸರದ ಮೂತ್ರಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ಟೋಲ್ಟೆರೊಡಿನ್, ಸೋಲಿಫೆನಸಿನ್ ಇಂಥ ಮಾತ್ರೆಗಳೂ, ನರದ ಉರಿಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಬೆವರನ್ನು ತಗ್ಗಿಸುತ್ತವೆ. ನಿಮ್ಮ ಚೀಟಿಯಲ್ಲಿ ಇವುಗಳಲ್ಲಿ ಯಾವುದಾದರೂ ಇದ್ದರೆ ನೀವಾಗೇ ನಿಲ್ಲಿಸಬೇಡಿ. ಬೇಸಿಗೆಯಲ್ಲಿ ಹೀಗಾಗುತ್ತಿದೆ ಅಂತ ವೈದ್ಯರಿಗೆ ಹೇಳಿ. ಬೆವರಿಗೆ ಅಡ್ಡ ಬರದ ಬೇರೆ ಜಾತಿಯ ಮಾತ್ರೆಯೂ ಇದೆ.

ಇನ್ನು ತಂಪು ಮಾಡಿಕೊಳ್ಳುವ ಬಗೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಕಣ್ಣು ಮಂಜಾದ ಮೇಲೆ ನೆರಳು ಹುಡುಕುವುದು. ತಂಪು ಮೊದಲೇ ಮಾಡಿಕೊಳ್ಳಬೇಕು. ಬಿಸಿಲಿಗೆ ಹೊರಡುವ ಇಪ್ಪತ್ತು ಮೂವತ್ತು ನಿಮಿಷ ಮುಂಚೆ ತಣ್ಣೀರಲ್ಲಿ ಸ್ನಾನವೋ, ಬಕೆಟ್ಟಿನ ತಣ್ಣೀರಲ್ಲಿ ಮೊಣಕಾಲವರೆಗೆ ಕಾಲಿಟ್ಟು ಕೂರುವುದೋ ಮಾಡಿ. ಮೈಯೊಳಗೆ ಅರ್ಧ ಡಿಗ್ರಿ ಇಳಿದಿದ್ದರೆ, ಏರಲು ಅಷ್ಟು ಜಾಸ್ತಿ ಹೊತ್ತು ಬೇಕು. ಶಾಲೆ ಬಿಡುವಾಗ ಒದ್ದೆ ಟವೆಲ್ ಕೊರಳಿಗೆ ಸುತ್ತಿಕೊಳ್ಳಿ, ದುಪಟ್ಟಾ ನೆನೆಸಿ ಹೊದ್ದುಕೊಳ್ಳಿ. ನಿಮ್ಮ ಕಡೆ ಗಾಳಿ ಒಣ, ಒದ್ದೆ ಬಟ್ಟೆ ಬೇಗ ಆರುತ್ತದೆ, ಆರುವಾಗ ಮೈಬಿಸಿ ಹೀರುತ್ತದೆ. ನೀರು ಹಾಕುವ ಕೂಲರ್ ರಾಯಚೂರಿನಲ್ಲಿ ಚೆನ್ನಾಗಿ ಕೆಲಸ ಮಾಡುವುದೂ, ಮಂಗಳೂರಿನಲ್ಲಿ ಬರೀ ಸೆಖೆ ಹೆಚ್ಚಿಸುವುದೂ ಇದೇ ಕಾರಣಕ್ಕೆ. ಕರಾವಳಿಯವರಿಗೆ ನಾನು ಐಸ್ ಪ್ಯಾಕ್, ಸಾಧ್ಯವಾದರೆ ಎ.ಸಿ. ಅನ್ನುತ್ತೇನೆ. ನಿಮಗೆ ಒದ್ದೆ ಬಟ್ಟೆ ಮತ್ತು ಕೂಲರ್ ಸಾಕು. ಒಂದು ಎಚ್ಚರಿಕೆ: ಹೊರಗೆ 40 ಡಿಗ್ರಿ ದಾಟಿದಾಗ ಒಣಮೈಗೆ ಬರೀ ಫ್ಯಾನ್ ಹಾಕಿಕೊಂಡರೆ ಬಿಸಿಗಾಳಿ ಬೀಸಿಕೊಂಡ ಹಾಗೆ. ಮೊದಲು ಮೈ ಒದ್ದೆ ಮಾಡಿ, ಆಮೇಲೆ ಫ್ಯಾನ್. ಐಸ್ ಬಳಸಿದರೆ ಬಟ್ಟೆಯಲ್ಲಿ ಸುತ್ತಿ. ಜೋಮು ಹಿಡಿದ ಎಡಗಾಲಿಗೆ ಚರ್ಮ ಸುಟ್ಟರೂ ಗೊತ್ತಾಗದು.

ಗಗನಯಾತ್ರಿಗಳಿಗಾಗಿ ನಾಸಾ ಮಾಡಿದ ತಂಪು ಉಡುಪಿನ ತಂತ್ರವನ್ನು ಎಂ.ಎಸ್. ಇರುವ 84 ಜನರಲ್ಲಿ ಪರೀಕ್ಷಿಸಿ 2003ರಲ್ಲಿ ವರದಿ ಬಂತು. ನಡಿಗೆ, ದೃಷ್ಟಿ ಎರಡರಲ್ಲೂ ಸ್ವಲ್ಪ ಸುಧಾರಣೆ ಕಂಡಿತ್ತು. ಸ್ವಲ್ಪವೇ, ಪವಾಡವಲ್ಲ. ನನಗೆ ಅದಕ್ಕಿಂತ ಇಷ್ಟವಾದದ್ದು ಆಸ್ಟ್ರೇಲಿಯಾದಲ್ಲಿ ಮಾಡಿ 2018ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ. ಬಿಸಿ ಒಗ್ಗದ ಎಂ.ಎಸ್. ರೋಗಿಗಳು ಬಿಸಿ ಕೋಣೆಯಲ್ಲಿ ಸೈಕಲ್ ತುಳಿದರು. ಒಂದು ದಿನ ಕಾಲು ಗಂಟೆಗೊಮ್ಮೆ ಕೊರೆಯುವ ತಣ್ಣೀರು ಕೊಟ್ಟರು, ಇನ್ನೊಂದು ದಿನ ಮೈಬಿಸಿಯಷ್ಟೇ ಬೆಚ್ಚಗಿನ ನೀರು. ತಣ್ಣೀರು ಕುಡಿದ ದಿನ ಸುಮಾರು 30% ಹೆಚ್ಚು ಹೊತ್ತು ತುಳಿದರು. ಮಜಾ ಅಂದರೆ ಮೈಯೊಳಗಿನ ತಾಪ ಎರಡೂ ದಿನ ಹೆಚ್ಚುಕಡಿಮೆ ಒಂದೇ ಇತ್ತು. ಆದರೂ ಬಲ ಬಂತು. ಒಂದು ತಂಪು ನೀರಿನ ಥರ್ಮಾಸ್ ಬೆನ್ನಿಗಿದ್ದರೆ ನಿಮಗೇನೂ ಖರ್ಚಿಲ್ಲವಲ್ಲ.

ಅತ್ತೆಯವರು ‘ಉಷ್ಣ ಆಗಿದೆ, ತಂಪಿನ ಪದಾರ್ಥ ತಿನ್ನು’ ಅಂದಿರುತ್ತಾರೆ. ಮಜ್ಜಿಗೆ, ರಾಗಿ ಅಂಬಲಿ, ಪಾನಕ ಧಾರಾಳವಾಗಿ ಕುಡಿಯಿರಿ, ನೀರಿನಂಶ ಸಿಗುತ್ತದೆ. ಆದರೆ ಉಷ್ಣ ಅಂತ ಮಾವಿನಹಣ್ಣು, ಮೊಟ್ಟೆ ಬಿಡಬೇಕಿಲ್ಲ. ಅಡುಗೆಮನೆಯ ಉಷ್ಣವೇ ಬೇರೆ, ಥರ್ಮಾಮೀಟರಿನ ಉಷ್ಣವೇ ಬೇರೆ. ಅಡುಗೆಮನೆಯಲ್ಲಿ ನಿಜಕ್ಕೂ ತೊಂದರೆ ಕೊಡುವುದು ಒಲೆ. ಇಪ್ಪತ್ತು ಜೋಳದ ರೊಟ್ಟಿ ಬಡಿದು ಬೇಯಿಸುವುದು ಅಂದರೆ ಬೆಂಕಿಯೂ ಹೌದು, ವ್ಯಾಯಾಮವೂ ಹೌದು. ಬೆಳಿಗ್ಗೆಯೇ ಮುಗಿಸಿ. ಇಲ್ಲವೇ ಬೇಸಿಗೆ ಮುಗಿಯುವವರೆಗೆ ಆ ಕೆಲಸಕ್ಕೆ ಮನೆಯ ಬೇರೆ ಯಾರಾದರೂ ಕೈ ಹಾಕಲಿ. ಈ ಉತ್ತರ ಮನೆಯವರಿಗೂ ಓದಿಸಿ, ನಾನು ಬೇಕೆಂದೇ ಬರೆಯುತ್ತಿದ್ದೇನೆ.

ಬಿಸಿ ಆಗುತ್ತದೆ ಅಂತ ವ್ಯಾಯಾಮ ಬಿಡುವವರಿದ್ದಾರೆ. ಬಿಡಬೇಡಿ. ಬೆಳಗಿನ ಐದೂವರೆಗೆ ನಡೆಯಿರಿ, ಆಗ ಊರೂ ತಣ್ಣಗಿರುತ್ತದೆ, ಮೈಯೂ. ನಡೆದಾಗ ಕಣ್ಣು ಕೊಂಚ ಮಂಜಾದರೂ ನರಕ್ಕೆ ಗಾಯವಾಗುವುದಿಲ್ಲ, ಕೂತು ನೀರು ಕುಡಿದು ಮುಂದೆ ಹೋಗಿ. ಸ್ಕೂಟಿಯ ಮೇಲೆ ಮಾತ್ರ ಈ ಧೈರ್ಯ ಬೇಡ. ಮಂಜು ಶುರುವಾದ ಕೂಡಲೇ ಮರದ ಕೆಳಗೆ ನಿಲ್ಲಿಸಿ. ಮನೆ ಇನ್ನೇನು ಹತ್ತಿರ ಅಂತ ಓಡಿಸಬೇಡಿ. ಕೆಲವರಿಗೆ ತೀರಾ ತಂಪಾದರೆ ಕಾಲು ಸೆಟೆದುಕೊಳ್ಳುತ್ತದೆ. ನಿಮಗೂ ಹಾಗಾದರೆ ಐಸ್ ಬಿಟ್ಟು ಒದ್ದೆ ಬಟ್ಟೆಗೆ ನಿಲ್ಲಿಸಿ.

ಕೆಲಸ ಬಿಡುವ ಮಾತಿಗೆ ಬರುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ವಾಡಿಕೆ ನಿಮಗೆ ಗೊತ್ತೇ ಇದೆ. ಆರೋಗ್ಯವಾಗಿರುವ ಗುಮಾಸ್ತರಿಗೇ ಬಿಸಿಲು ತಡೆಯದು ಅಂತ ಸರ್ಕಾರ ಒಪ್ಪಿದ ಮೇಲೆ, ನೀವು ನೆಲಮಹಡಿಯ ತರಗತಿ, ಬೆಳಗಿನ ಪೀರಿಯಡ್, ಒಂದು ಕೂಲರ್ ಕೇಳುವುದರಲ್ಲಿ ನಾಚಿಕೆ ಏನಿದೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ನಿಮಗೆ ಪ್ರಮಾಣಪತ್ರ ಸಿಗುವಷ್ಟು ತೊಂದರೆ ಇಲ್ಲದಿರಬಹುದು. ಆದರೂ ಮುಖ್ಯ ಶಿಕ್ಷಕರ ಮುಂದೆ ವೈದ್ಯರ ಪತ್ರ ಇಟ್ಟು ಮಾತಾಡಿ. ಬಿಸಿ ಒಗ್ಗದಿರುವುದು ಕಾಯಿಲೆ ಜೋರಾಗಿದೆ ಅನ್ನುವುದರ ಗುರುತಲ್ಲ. ಅದೊಂದೇ ಕಾರಣಕ್ಕೆ ಕೆಲಸ ಬಿಡಬೇಕು ಅಂತ ನನಗೆ ಅನ್ನಿಸುವುದಿಲ್ಲ. ಈಗಿನ ಔಷಧಿ ಮಾತ್ರ ಒಂದು ದಿನವೂ ತಪ್ಪಿಸಬೇಡಿ. ಹೊಸ ಗಾಯ ಆಗದಂತೆ ತಡೆಯುವುದು ಅದು, ತಣ್ಣೀರಲ್ಲ.

ನೀವು ಕೇಳದಿದ್ದರೂ ಮುಂದಿನ ಯುಗಾದಿಯ ಎಣ್ಣೆಸ್ನಾನದ ಬಗ್ಗೆ ಮನೆಯಲ್ಲಿ ಮಾತು ಬಂದೇ ಬರುತ್ತದೆ. ಧಾರಾಳವಾಗಿ ಮಾಡಿ. ಎಣ್ಣೆ ಹಚ್ಚಿಕೊಳ್ಳಿ, ಬೇವಿನೆಲೆ ಹಾಕಿ. ಹಂಡೆಯ ನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿದರೆ ಉಗುರುಬೆಚ್ಚಗಿರಲಿ. ಬಚ್ಚಲಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್ ಇಟ್ಟುಕೊಂಡು ಕೂತೇ ಮೀಯಿರಿ. ಎಣ್ಣೆಯ ನೆಲ, ಮಂಜು ಕಣ್ಣು, ಸೋತ ಕಾಲು ಮೂರೂ ಸೇರಿದರೆ ಬೀಳುವುದು ಖಂಡಿತ. ಮುಗಿದ ಮೇಲೆ ಹತ್ತು ನಿಮಿಷ ಅಲ್ಲೇ ಕೂತು ಆಮೇಲೆ ಏಳಿ. ಒಳಗಿನಿಂದ ಚಿಲಕ ಮಾತ್ರ ಹಾಕಬೇಡಿ.